ಒಂದು ಹನಿ ದಾಲ್ಚಿನ್ನಿ ತೈಲ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಉಪನ್ಯಾಸಕರು 2004ರ ಎಸ್‌ಎಸ್‌ಎಲ್‌ಸಿ ತಂಡದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಸಮಿತಿಯವರು ಫೋನ್ ಮಾಡಿ "ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡು" ಎಂದಿದ್ದರು. ನಾನು ದಾಲ್ಚಿನ್ನಿ ಬಗ್ಗೆ ಮಾತಾಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಇಪ್ಪತ್ತು ನಿಮಿಷ" ಎಂದರು. ಕಂಪ್ಯೂಟರ್ ಬಗ್ಗೆ ಮಾತಾಡುವವರು ಈಗ ಊರೂರಿಗೂ ಇದ್ದಾರೆ. ದಾಲ್ಚಿನ್ನಿ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮಾತ್ರ ನಾನೇ ಹೇಳಬೇಕು. ಆ ತಪ್ಪಿನ ಪೆಟ್ಟು ತಿಂದವರು ಮೂರನೆಯ ಸಾಲಿನಲ್ಲಿ ಬಿಳಿ ಶಾಲು ಹೊದ್ದು ಕುಳಿತಿದ್ದಾರೆ. ಅವರು ನನ್ನ ಅಪ್ಪಯ್ಯ. ಅವರನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ.

ಮೊದಲು ಒಂದು ಹಳೆಯ ನೆನಪು. ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಒಂದು ದಿನ ಶಾಲೆಯ ಹಿಂದಿನ ದಾಲ್ಚಿನ್ನಿ ಮರದ ಹತ್ತಿರ ಕರೆದುಕೊಂಡು ಹೋದರು. ಒಂದು ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಸಲು ಹೇಳಿದರು. ಲವಂಗದ ವಾಸನೆ. ಸಣ್ಣ ಕೊಂಬೆಯ ತೊಗಟೆ ಕೆರೆದು ಮೂಗಿಗೆ ಹಿಡಿದರು. ಪಲಾವಿಗೆ ಹಾಕುವ ಚಕ್ಕೆಯ ವಾಸನೆ. "ಮರ ಒಂದೇ, ನೀರು ಒಂದೇ, ಮಣ್ಣು ಒಂದೇ. ವಾಸನೆ ಎರಡು ಯಾಕೆ?" ಎಂದು ಕೇಳಿದರು. ನಮಗ್ಯಾರಿಗೂ ಗೊತ್ತಿರಲಿಲ್ಲ. "ನನಗೂ ಪೂರ್ತಿ ಗೊತ್ತಿಲ್ಲ. ಮುಂದೆ ಓದುವವರು ಯಾರಾದರೂ ಬಂದು ಹೇಳಿ" ಎಂದು ನಕ್ಕು ತರಗತಿಗೆ ವಾಪಸ್ ಕರೆತಂದರು. ಗೊತ್ತಿಲ್ಲ ಎಂದು ಮಕ್ಕಳ ಎದುರು ಹೇಳಿದ ಮೊದಲ ಮೇಷ್ಟ್ರು ಅವರು. ಆ ಪ್ರಶ್ನೆಯನ್ನು ನಾನು ಅಲ್ಲಿಯೇ ಬಿಟ್ಟುಬಂದೆ. ಇಪ್ಪತ್ತು ವರ್ಷ ಅದು ನೆನಪಿಗೆ ಬರಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು, ನಡೆಯಲು ಹೇಳಿದರು, ಅನ್ನ ಕಡಿಮೆ ಮಾಡಲು ಹೇಳಿದರು. ನಾನು ಬೆಂಗಳೂರಿನಲ್ಲಿ ಕುಳಿತು, ದೂರದಲ್ಲಿರುವ ಮಕ್ಕಳೆಲ್ಲ ಮಾಡುವ ಕೆಲಸ ಮಾಡಿದೆ. ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ದಾಲ್ಚಿನ್ನಿಯಲ್ಲಿ ಆಂಟಿಆಕ್ಸಿಡೆಂಟ್ ವಿಪರೀತ ಇದೆ, ಆಹಾರಗಳ ಪಟ್ಟಿಯಲ್ಲಿ ಅದು ಮೇಲಿನ ಸಾಲಿನಲ್ಲಿದೆ ಎಂದು ಕಂಡಿತು. ದೊಡ್ಡ ಅಂಕಿ ಇತ್ತು, ಪಟ್ಟಿ ಇತ್ತು. ಅಂಕಿ ನೋಡಿದರೆ ಇಂಜಿನಿಯರಿಗೆ ನಂಬಿಕೆ ಜಾಸ್ತಿ. ಶುದ್ಧ ದಾಲ್ಚಿನ್ನಿ ತೊಗಟೆಯ ತೈಲ ಎಂದು ಬರೆದಿದ್ದ ಒಂದು ಪುಟ್ಟ ಬಾಟಲಿಯನ್ನು ಮನೆಗೆ ತರಿಸಿದೆ. "ದಿನಾ ಎರಡು ಹೊತ್ತು ಮೂರು ಮೂರು ಹನಿ ಬಿಸಿನೀರಿಗೆ ಹಾಕಿ ಕುಡಿಯಿರಿ" ಎಂದು ಫೋನಿನಲ್ಲಿ ಹೇಳಿದೆ. ಯಾರನ್ನು ಕೇಳಿ ಹೇಳಿದೆ? ಯಾರನ್ನೂ ಕೇಳಲಿಲ್ಲ.

ಒಂದೂವರೆ ತಿಂಗಳ ಮೇಲೆ ಅಮ್ಮ ಫೋನ್ ಮಾಡಿದಳು. ಅಪ್ಪಯ್ಯನ ನಾಲಿಗೆ, ಒಸಡು, ತುಟಿಯ ಒಳಭಾಗ ಸುಟ್ಟಂತಾಗಿ ಬೊಕ್ಕೆ ಎದ್ದಿದೆ, ಗಂಜಿಯೂ ಸೇರುತ್ತಿಲ್ಲ ಎಂದಳು. ಮೊದಲ ವಾರದಿಂದಲೇ ಬಾಯಿ ಉರಿಯುತ್ತಿತ್ತಂತೆ. ಉರಿದರೆ ಔಷಧಿ ನಾಟುತ್ತಿದೆ ಎಂದು ಅವರು ತಿಳಿದಿದ್ದರು. ನಾನು ರಾತ್ರಿ ಬಸ್ಸಿಗೆ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಊಟಕ್ಕೆ ಮೊದಲಿನ ಸಕ್ಕರೆ 240 ದಾಟಿತ್ತು. "ಮಾತ್ರೆ ತಗೊಳ್ತಾ ಇದ್ದೀರಾ?" ಎಂದು ಡಾಕ್ಟರು ಕೇಳಿದರು. ಅಪ್ಪಯ್ಯ ನನ್ನ ಮುಖ ನೋಡಲಿಲ್ಲ. ಅವರು ಡಾಕ್ಟರಿಗೆ ಹೇಳಿದ್ದು ಇಷ್ಟು: "ಬಿಟ್ಟಿದ್ದೆ ಡಾಕ್ಟ್ರೇ. ಮಗ ಇಂಜಿನಿಯರ್. ಎಲ್ಲ ನೋಡಿಯೇ ಕಳಿಸಿರ್ತಾನೆ ಅಂತ."

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಮಾತ್ರೆ ಬಿಡಿ ಎಂದು ನಾನು ಹೇಳಿರಲಿಲ್ಲ, ನಿಜ. ಆದರೆ ಈ ಊರಿನಲ್ಲಿ ಓದಿದವನ ಮಾತಿಗೆ ಎಷ್ಟು ಬೆಲೆ ಎಂದು ಗೊತ್ತಿದ್ದೂ, ನೋಡದೆ ಮಾತಾಡಿದ್ದೆ. ಆ ಬೆಲೆ ನಾನು ಗಳಿಸಿದ್ದಲ್ಲ. ಈ ಶಾಲೆ ನನಗೆ ಕೊಟ್ಟದ್ದು. ಅದಕ್ಕಾಗಿ ಆಮೇಲೆ ಆರು ತಿಂಗಳು, ಮೊದಲೇ ಓದಬೇಕಾಗಿದ್ದನ್ನು ಕುಳಿತು ಓದಿದೆ. ಓದಿದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಆಂಟಿಆಕ್ಸಿಡೆಂಟ್ ಎಂದರೇನು? ಮಕ್ಕಳೇ, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲೇ ಇದು ಇದೆ. ಕಬ್ಬಿಣ ತುಕ್ಕು ಹಿಡಿಯುವುದು, ಎಣ್ಣೆಯಲ್ಲಿ ಕರಿದ ತಿಂಡಿ ಹಳತಾಗಿ ಕಮಟು ವಾಸನೆ ಬರುವುದು, ಎರಡೂ ಉತ್ಕರ್ಷಣ. ಬಾಳೆಕಾಯಿ ಹೆಚ್ಚಿದ ಕೂಡಲೇ ನಿಮ್ಮ ಅಮ್ಮಂದಿರು ಮಜ್ಜಿಗೆ ನೀರಿಗೆ ಹಾಕುತ್ತಾರಲ್ಲ, ಗಾಳಿ ತಾಗಿ ಕಪ್ಪಾಗದಿರಲಿ ಎಂದು, ಅದೂ ಉತ್ಕರ್ಷಣವನ್ನು ತಡೆಯುವ ಕೆಲಸವೇ. ಹೀಗೆ ತಡೆಯುವ ವಸ್ತುವೇ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್.

ಎಣ್ಣೆ ಕಮಟಾಗುವುದು ಹೇಗೆ ಎಂದರೆ, ನಿಮ್ಮ ಕ್ರೀಡಾಕೂಟದ ಸಂಗೀತ ಕುರ್ಚಿ ಆಟ ನೆನಪು ಮಾಡಿಕೊಳ್ಳಿ. ಅಣುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿರುತ್ತವೆ. ಜೋಡಿ ತಪ್ಪಿದ ಒಂಟಿ ಎಲೆಕ್ಟ್ರಾನ್ ಇರುವ ಅಣುವಿಗೆ ಫ್ರೀ ರ‍್ಯಾಡಿಕಲ್ ಎನ್ನುತ್ತಾರೆ. ಅದು ಕುರ್ಚಿ ಸಿಗದ ಹುಡುಗನ ಹಾಗೆ, ಪಕ್ಕದವನನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದವನು ಇನ್ನೊಬ್ಬನನ್ನು ಎಬ್ಬಿಸುತ್ತಾನೆ. ಗಲಾಟೆ ಸಾಲುಗಟ್ಟಿ ಸಾಗುತ್ತದೆ. ನಡುವೆ ಒಬ್ಬ ಸಮಾಧಾನಿ ತನ್ನ ಕುರ್ಚಿ ಬಿಟ್ಟುಕೊಟ್ಟು ಸುಮ್ಮನೆ ಗೋಡೆಗೆ ಒರಗಿ ನಿಂತರೆ ಗಲಾಟೆ ಅಲ್ಲಿಗೆ ನಿಲ್ಲುತ್ತದೆ. ಆ ಸಮಾಧಾನಿಯೇ ಆಂಟಿಆಕ್ಸಿಡೆಂಟ್.

ನಮ್ಮ ಮೈಯೊಳಗೂ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಮುಪ್ಪಿಗೆ ಇವೇ ಕಾರಣವಿರಬಹುದು ಎಂದು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ಎಂಬ ವಿಜ್ಞಾನಿ 1956ರಲ್ಲಿ ಬರೆದರು. ಅಲ್ಲಿಂದ ಈ ಪದಕ್ಕೆ ಮಾರುಕಟ್ಟೆಯಲ್ಲೂ ಬೆಲೆ ಬಂತು. ಆದರೆ ಇವನ್ನು ಪೂರ್ತಿ ಶತ್ರುಗಳು ಎನ್ನುವ ಹಾಗಿಲ್ಲ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ಬಳಸುವುದೂ ಇಂಥ ಚುರುಕು ಅಣುಗಳನ್ನೇ.

ಈಗ ದಾಲ್ಚಿನ್ನಿ ತೈಲಕ್ಕೆ ಬರೋಣ. ಇದು ಕೊಬ್ಬರಿ ಎಣ್ಣೆಯಂಥ ಎಣ್ಣೆಯಲ್ಲ. ಇದನ್ನು ಗಾಣದಲ್ಲಿ ಹಿಂಡಲಾಗುವುದಿಲ್ಲ, ಭಟ್ಟಿ ಇಳಿಸಬೇಕು. ಭಟ್ಟಿ ಎಂದರೆ ಹಿಂದಿನ ಸಾಲಿನ ಹಿರಿಯರು ನಗುತ್ತಿದ್ದಾರೆ. ವಿಧಾನ ನಿಮಗೆ ವಿವರಿಸಬೇಕಾಗಿಲ್ಲ. ತೊಗಟೆಯ ಚೂರುಗಳ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನ ಜೊತೆ ಸುವಾಸನೆಯ ತೈಲ ಇಳಿಯುತ್ತದೆ. ಒಂದು ಕಿಲೋ ಒಣ ಚಕ್ಕೆಗೆ ಸುಮಾರು 5ರಿಂದ 10 ಮಿಲಿ ತೈಲ ಬರುತ್ತದೆ. ಒಂದು ಮಿಲಿಗೆ 20 ಹನಿ ಎಂದುಕೊಳ್ಳಿ. ಮಕ್ಕಳೇ, ಒಂದು ಹನಿಗೆ ಎಷ್ಟು ಗ್ರಾಂ ಚಕ್ಕೆ ಆಯಿತು? ಹೌದು, 5ರಿಂದ 10 ಗ್ರಾಂ. ನಾನು ಅಪ್ಪಯ್ಯನಿಗೆ ಹೇಳಿದ್ದು ದಿನಕ್ಕೆ ಆರು ಹನಿ. ಅಂದರೆ 30ರಿಂದ 60 ಗ್ರಾಂ ಚಕ್ಕೆಯ ಖಾರವನ್ನೆಲ್ಲ ದಿನಾ ಅವರ ಬಾಯಿಗೆ ಸುರಿಸಿದ್ದೆ. ಮನೆಮಂದಿಗೆಲ್ಲ ಪಲಾವು ಮಾಡುವಾಗಲೂ ಅಮ್ಮ ಹಾಕುವುದು ಬೆರಳುದ್ದದ ಒಂದು ಚೂರು. ಏಳನೆಯ ತರಗತಿಯ ಲೆಕ್ಕ ಇದು. ಬಿ.ಇ. ಮಾಡಿದವನು ಆ ಲೆಕ್ಕ ಮಾಡಲಿಲ್ಲ.

ಸಾಲದ್ದಕ್ಕೆ ಈ ತೈಲ ನೀರಿನಲ್ಲಿ ಕರಗುವುದಿಲ್ಲ. ನೀರಿಗಿಂತ ತುಸು ಭಾರ ಬೇರೆ. ಅಪ್ಪಯ್ಯ ಲೋಟಕ್ಕೆ ಹಾಕಿದ ಹನಿಗಳು ತಳಕ್ಕೆ ಇಳಿದು ಕೂರುತ್ತಿದ್ದವು. ಕೊನೆಯ ಗುಟುಕಿನಲ್ಲಿ ಎಲ್ಲವೂ ಒಟ್ಟಿಗೆ, ಏನೂ ತೆಳುವಾಗದೆ, ನಾಲಿಗೆಗೆ ತಾಗುತ್ತಿದ್ದವು. ಬೊಕ್ಕೆ ಎದ್ದದ್ದು ಹೀಗೆ.

ಇನ್ನು ಮೇಷ್ಟ್ರ ಪ್ರಶ್ನೆ: ಮರ ಒಂದೇ, ವಾಸನೆ ಎರಡು ಯಾಕೆ? ಉತ್ತರ ಹೀಗಿದೆ. ತೊಗಟೆಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು, ಕೆಲವೊಮ್ಮೆ ಮುಕ್ಕಾಲು ಪಾಲಿನ ತನಕ, ಸಿನ್ನಮಾಲ್ಡಿಹೈಡ್ ಎಂಬ ವಸ್ತು ಇರುತ್ತದೆ. ಫ್ರಾನ್ಸಿನ ದ್ಯೂಮಾ ಮತ್ತು ಪೆಲಿಗೋ ಎಂಬ ರಸಾಯನ ವಿಜ್ಞಾನಿಗಳು 1834ರಲ್ಲಿ ಇದನ್ನು ಬೇರ್ಪಡಿಸಿದರು. ಚಕ್ಕೆಯ ವಾಸನೆ, ಸಿಹಿಖಾರ ಎಲ್ಲ ಇದರದ್ದೇ. ಎಲೆಯ ತೈಲದಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಯೂಜಿನಾಲ್ ಇರುತ್ತದೆ. ಲವಂಗದ ಎಣ್ಣೆಯಲ್ಲಿ ಇರುವುದೂ ಅದೇ, ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುತ್ತೇವಲ್ಲ. ಇನ್ನೂ ವಿಚಿತ್ರವೆಂದರೆ ಅದೇ ಮರದ ಬೇರಿನ ತೊಗಟೆಯ ತೈಲದಲ್ಲಿ ಹೆಚ್ಚಾಗಿ ಇರುವುದು ಕರ್ಪೂರ. ಒಂದೇ ಮರದಲ್ಲಿ ಚಕ್ಕೆ, ಲವಂಗ, ಕರ್ಪೂರ ಮೂರೂ! ಪ್ರತಿ ಭಾಗದ ಜೀವಕೋಶಗಳೂ ತಮ್ಮದೇ ರಸಾಯನ ಮಾಡಿಕೊಳ್ಳುತ್ತವೆ. ಮೇಷ್ಟ್ರು ಇವತ್ತು ಇಲ್ಲಿ ಇಲ್ಲ. ತೀರಿಕೊಂಡು ಕೆಲವು ವರ್ಷಗಳಾದವು. ಆದರೂ ಉತ್ತರ ಈ ಅಂಗಳದಲ್ಲೇ ಹೇಳಬೇಕು ಎನಿಸಿತು.

ಈ ವ್ಯತ್ಯಾಸ ತಮಾಷೆಯ ಸಂಗತಿ ಮಾತ್ರವಲ್ಲ. ಆಂಟಿಆಕ್ಸಿಡೆಂಟ್ ಪ್ರಶ್ನೆಯೂ ಇದರ ಮೇಲೆಯೇ ನಿಂತಿದೆ. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಮಾಡುವ ಪರೀಕ್ಷೆಗೆ ಡಿಪಿಪಿಎಚ್ ಎಂದು ಹೆಸರು. 1958ರಲ್ಲಿ ಬ್ಲಾಯ್ಸ್ ಎಂಬವರು ಇದನ್ನು ಬಳಕೆಗೆ ತಂದರು. ಕಡುನೇರಳೆ ಬಣ್ಣದ ಒಂದು ದ್ರಾವಣ ಇರುತ್ತದೆ. ಅದರಲ್ಲಿರುವುದು ಒಂಟಿ ಎಲೆಕ್ಟ್ರಾನಿನ ಅಣು. ಅದಕ್ಕೆ ಆಂಟಿಆಕ್ಸಿಡೆಂಟ್ ಹಾಕಿದರೆ ನೇರಳೆ ಹೋಗಿ ತಿಳಿಹಳದಿ ಆಗುತ್ತದೆ. ಎಷ್ಟು ಕಡಿಮೆ ವಸ್ತುವಿಗೆ ಎಷ್ಟು ಬಣ್ಣ ಹೋಯಿತು ಎಂದು ಅಳೆಯುತ್ತಾರೆ. ಈ ಪರೀಕ್ಷೆಯಲ್ಲಿ ಯೂಜಿನಾಲ್ ಜಾಣ. ಅದರ ಅಣುವಿನ ಉಂಗುರಕ್ಕೆ ಅಂಟಿಕೊಂಡ ಒಂದು ಓಎಚ್ ಗುಂಪು ಇದೆ. ಕುರ್ಚಿ ಬಿಟ್ಟುಕೊಡುವುದು ಆ ಗುಂಪೇ. ಸಿನ್ನಮಾಲ್ಡಿಹೈಡ್‌ನಲ್ಲಿ ಅಂಥ ಗುಂಪು ಇಲ್ಲ. ಆದ್ದರಿಂದ ಈ ಪರೀಕ್ಷೆಯಲ್ಲಿ ಅದು ಹಿಂದೆ ಬೀಳುತ್ತದೆ. ತೊಗಟೆಯ ತೈಲ ತೋರಿಸುವ ಶಕ್ತಿಯಲ್ಲಿ ದೊಡ್ಡ ಪಾಲು ಅದರಲ್ಲಿರುವ ಸ್ವಲ್ಪ ಯೂಜಿನಾಲ್ ಮತ್ತಿತರ ಸಣ್ಣಪುಟ್ಟ ಘಟಕಗಳದ್ದು. ತೊಗಟೆ ಹೆಚ್ಚು ದುಬಾರಿ. ಆದರೆ ಈ ಒಂದು ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಎಲೆಯ ತೈಲ.

ಹಾಗಾದರೆ ಪಟ್ಟಿಯಲ್ಲಿ ದಾಲ್ಚಿನ್ನಿಗೆ ಅಷ್ಟು ದೊಡ್ಡ ಅಂಕಿ ಎಲ್ಲಿಂದ ಬಂತು? ನಾನು ಎಡವಿದ್ದು ಇಲ್ಲಿಯೇ. ಆ ಅಂಕಿ ತೈಲದ್ದಲ್ಲ, ಚಕ್ಕೆಯ ಪುಡಿಯದ್ದು. ಚಕ್ಕೆಯಲ್ಲಿ ಚೊಗರು ಕೊಡುವ ಪಾಲಿಫಿನಾಲ್‌ಗಳು ತುಂಬ ಇವೆ. ಅವು ಒಳ್ಳೆಯ ಆಂಟಿಆಕ್ಸಿಡೆಂಟುಗಳು. ಆದರೆ ಅವು ಹಬೆಯ ಜೊತೆ ಮೇಲೇರುವ ಜಾತಿಯವಲ್ಲ. ಭಟ್ಟಿ ಇಳಿಸಿದಾಗ ತಳದ ಚರಟದಲ್ಲಿ, ಚೊಗರು ನೀರಿನಲ್ಲಿ ಉಳಿದುಬಿಡುತ್ತವೆ. ಬಾಟಲಿಗೆ ಬರುವುದು ವಾಸನೆಯ ಭಾಗ ಮಾತ್ರ. ಪುಡಿಯ ಅಂಕಿ ನೋಡಿ ತೈಲ ಕೊಂಡುಕೊಂಡೆ. ಅಡಿಕೆಯ ರೇಟು ನೋಡಿ ಅಡಿಕೆ ಸಿಪ್ಪೆ ಕೊಂಡ ಹಾಗೆ.

ಇನ್ನೊಂದು ಸಂಗತಿ. ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಓರಾಕ್ ಎಂಬ ಅಳತೆಯಲ್ಲಿ ಪಟ್ಟಿ ಮಾಡಿದ್ದ ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿತು. ಗಾಜಿನ ನಳಿಕೆಯ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ನೇರ ಸಂಬಂಧ ತೋರಿಸಲಾಗಿಲ್ಲ, ಮಾರಾಟಗಾರರು ಅದನ್ನು ದುರ್ಬಳಕೆ ಮಾಡುತ್ತಿದ್ದಾರೆ ಎಂಬುದು ಕಾರಣ. ಪಟ್ಟಿ ಹೋದರೂ ಅಂಕಿ ಮಾತ್ರ ಬಾಟಲಿಯಿಂದ ಬಾಟಲಿಗೆ ಓಡಾಡುತ್ತಲೇ ಇದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ದಿನನಿತ್ಯದ ಅನುಭವ. ಪ್ರೋಗ್ರಾಮಿನ ಒಂದು ತುಣುಕನ್ನು ಬೇರೆ ತೆಗೆದು ಪರೀಕ್ಷಿಸಿದರೆ ಸರಿಯಾಗಿಯೇ ಓಡುತ್ತದೆ. ಪೂರ್ತಿ ಜೋಡಿಸಿ ಗ್ರಾಹಕರಿಗೆ ಕೊಟ್ಟಾಗ ನಿಂತುಬಿಡುತ್ತದೆ. ತುಣುಕಿನ ಪರೀಕ್ಷೆ ಸುಳ್ಳಲ್ಲ. ಅದು ಹೇಳುವುದು ತುಣುಕಿನ ಬಗ್ಗೆ ಮಾತ್ರ. ನಳಿಕೆಯ ಪರೀಕ್ಷೆಯೂ ಹಾಗೆಯೇ. ತೈಲ ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ? ಸಿನ್ನಮಾಲ್ಡಿಹೈಡ್ ಬೇಗನೆ ಸಿನ್ನಮಿಕ್ ಆಮ್ಲವಾಗುತ್ತದೆ. ಆಮೇಲೆ ಇನ್ನಷ್ಟು ಬದಲಾಗಿ ಬಹುಪಾಲು ಮೂತ್ರದಲ್ಲಿ ಹೊರಹೋಗುತ್ತದೆ. ನಳಿಕೆಯಲ್ಲಿ ನೇರಳೆ ಬಣ್ಣ ಕಳೆದ ಆ ತೈಲ ಅದೇ ರೂಪದಲ್ಲಿ ಮೈಯೆಲ್ಲ ಸುತ್ತಾಡುತ್ತದೆ ಎಂದು ತಿಳಿಯುವುದು ತಪ್ಪು.

ಆದರೆ ಸಿನ್ನಮಾಲ್ಡಿಹೈಡ್‌ಗೆ ಇನ್ನೊಂದು ಗುಣ ಇದೆ. ಜೀವಕೋಶಗಳ ಮೇಲಿನ ಪ್ರಯೋಗಗಳಲ್ಲಿ ಅದು ಎನ್‌ಆರ್‌ಎಫ್-2 ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ. ಈ ಪ್ರೋಟೀನು ಎದ್ದರೆ ಜೀವಕೋಶ ತನ್ನದೇ ರಕ್ಷಣೆಯ ಕಿಣ್ವಗಳನ್ನು ಹೆಚ್ಚು ತಯಾರಿಸುತ್ತದೆ. ರಾತ್ರಿ ತೋಟದ ಅಂಚಿನಲ್ಲಿ ಅಪರಿಚಿತ ಹೆಜ್ಜೆ ಕೇಳಿ ನಾಯಿ ಬೊಗಳಿದರೆ ಮನೆಯವರು ಎದ್ದು ದೀಪ ಹಾಕಿ ಬಾಗಿಲು ಭದ್ರ ಮಾಡಿಕೊಳ್ಳುತ್ತಾರಲ್ಲ, ಹಾಗೆ. ಗಮನಿಸಿ: ಇಲ್ಲಿ ಸಿನ್ನಮಾಲ್ಡಿಹೈಡ್ ಕಾವಲುಗಾರನಲ್ಲ, ಆ ಅಪರಿಚಿತ. ಒಬ್ಬ ಬಂದರೆ ಮನೆ ಎಚ್ಚರವಾಗುತ್ತದೆ. ನೂರು ಜನ ನುಗ್ಗಿದರೆ ಮನೆಯೇ ಉಳಿಯುವುದಿಲ್ಲ. ಪ್ರಮಾಣ ಎಂಬುದರ ಅರ್ಥ ಇದು. ಚರ್ಮಕ್ಕೆ, ಬಾಯಿಗೆ ಅಲರ್ಜಿ ತರುವ ಸುಗಂಧ ವಸ್ತುಗಳ ಪಟ್ಟಿಯಲ್ಲೂ ಸಿನ್ನಮಾಲ್ಡಿಹೈಡ್ ಇದೆ.

ಆಂಟಿಆಕ್ಸಿಡೆಂಟ್ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಫಿನ್ಲೆಂಡಿನ ಒಂದು ಅಧ್ಯಯನ. ಬೀಡಿ ಸಿಗರೇಟು ಬಿಡದ ನೆಂಟರು ಇರುವ ಮನೆಯವರು ಇದನ್ನು ತಿಳಿದಿರಬೇಕು. ಧೂಮಪಾನ ಮಾಡುವ 29,133 ಗಂಡಸರ ಮೇಲೆ ವರ್ಷಗಟ್ಟಲೆ ನಡೆಸಿದ ಆ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂತು. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೋಟೀನ್ ಒಂದು ಹೆಸರಾಂತ ಆಂಟಿಆಕ್ಸಿಡೆಂಟ್. ಅದನ್ನು ಮಾತ್ರೆಯಾಗಿ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇಕಡಾ 18ರಷ್ಟು ಹೆಚ್ಚಾಯಿತು. 1996ರಲ್ಲಿ ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನವೂ ಇದನ್ನೇ ಹೇಳಿತು. ಕ್ಯಾರೆಟ್ಟು ತಿನ್ನುವುದು ಬೇರೆ, ಅದರ ಒಂದು ಅಂಶವನ್ನು ಹಿಂಡಿ ಮಾತ್ರೆ ಮಾಡಿ ನುಂಗುವುದು ಬೇರೆ.

ಸಕ್ಕರೆ ಕಾಯಿಲೆಗೆ ದಾಲ್ಚಿನ್ನಿ ಒಳ್ಳೆಯದಂತೆ ಎಂಬ ಮಾತಿನ ಮೂಲ ಎಲ್ಲಿದೆ? 2003ರಲ್ಲಿ ಪಾಕಿಸ್ತಾನದಲ್ಲಿ 60 ರೋಗಿಗಳ ಮೇಲೆ 40 ದಿನ ನಡೆದ ಒಂದು ಪ್ರಯೋಗದಿಂದ ಅದಕ್ಕೆ ಪ್ರಚಾರ ಸಿಕ್ಕಿತು. ಸಕ್ಕರೆ ಇಳಿಯಿತು ಎಂದು ಅವರು ವರದಿ ಮಾಡಿದರು. ಅವರು ಕೊಟ್ಟದ್ದು ಚಕ್ಕೆಯ ಪುಡಿ, ತೈಲವಲ್ಲ. ಆಮೇಲೆ ಹಲವು ಕಡೆ ಪ್ರಯೋಗಗಳು ನಡೆದವು. 2012ರಲ್ಲಿ ಕಾಕ್ರೇನ್ ಸಂಸ್ಥೆಯವರು ಅಂಥ 10 ಪ್ರಯೋಗಗಳನ್ನು, ಒಟ್ಟು 577 ಜನರ ವಿವರಗಳನ್ನು ಕೂಡಿಸಿ ನೋಡಿದರು. ಮಧುಮೇಹಕ್ಕೆ ದಾಲ್ಚಿನ್ನಿಯನ್ನು ಶಿಫಾರಸು ಮಾಡಲು ಸಾಕಷ್ಟು ಆಧಾರ ಇಲ್ಲ ಎಂದರು. ಮಾತ್ರೆ ಬಿಟ್ಟು ಇದನ್ನು ತೆಗೆದುಕೊಳ್ಳಿ ಎಂದು ಯಾವ ಪ್ರಯೋಗವೂ ಹೇಳಿಲ್ಲ.

ಪುಡಿಯೇ ಒಳ್ಳೆಯದಲ್ಲವೇ, ದಿನಾ ಒಂದು ಚಮಚ ತಿಂದರಾಯಿತು ಎಂದು ಯಾರಿಗಾದರೂ ಅನ್ನಿಸಿದರೆ ಅಲ್ಲಿಯೂ ಒಂದು ಎಚ್ಚರಿಕೆ ಇದೆ. ಅಂಗಡಿಯ ಚಕ್ಕೆಯಲ್ಲಿ ಎರಡು ಜಾತಿ. ಶ್ರೀಲಂಕಾ ಮೂಲದ, ನಮ್ಮ ತೋಟಗಳಲ್ಲೂ ಬೆಳೆಯುವ ದಾಲ್ಚಿನ್ನಿ ಒಂದು. ಇದರ ತೊಗಟೆ ಕಾಗದದಷ್ಟು ತೆಳು. ಹಲವು ಪದರ ಸೇರಿ ಬೀಡಿಯ ಹಾಗೆ ಸುತ್ತಿಕೊಂಡಿರುತ್ತದೆ. ಕೈಯಲ್ಲಿ ಮುರಿದರೆ ಪುಡಿಯಾಗುತ್ತದೆ. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯಿಂದ ಬರುವ ಕ್ಯಾಸಿಯಾ ಇನ್ನೊಂದು. ಅದು ದಪ್ಪ, ಗಟ್ಟಿ, ಒಂದೇ ಪದರ. ನಮ್ಮ ಆಹಾರ ಸುರಕ್ಷತಾ ನಿಯಮಗಳೂ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡುತ್ತವೆ. ಅಗ್ಗ ಎಂದು ಹೆಚ್ಚು ಮಾರಾಟವಾಗುವುದು ಕ್ಯಾಸಿಯಾ. ಅದರಲ್ಲಿ ಕೂಮರಿನ್ ಎಂಬ ವಸ್ತು ಇದೆ. ಹೆಚ್ಚಾದರೆ ಕೆಲವರ ಯಕೃತ್ತಿಗೆ ತೊಂದರೆ ಕೊಡುತ್ತದೆ. ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇಟ್ಟಿರುವ ಮಿತಿ, ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 6 ಮಿಲಿಗ್ರಾಂ. ಒಂದು ಗ್ರಾಂ ಕ್ಯಾಸಿಯಾ ಪುಡಿಯಲ್ಲಿ ಸುಮಾರು 3 ಮಿಲಿಗ್ರಾಂ ಇದ್ದರೆ, 2 ಗ್ರಾಂಗೇ ದಿನದ ಮಿತಿ ಮುಗಿಯಿತು. ನಮ್ಮ ತೋಟದ ದಾಲ್ಚಿನ್ನಿಯಲ್ಲಿ ಕೂಮರಿನ್ ಅತ್ಯಲ್ಪ. ಸಾರಿಗೆ, ಪಲಾವಿಗೆ, ಕಷಾಯಕ್ಕೆ ಒಂದು ಚೂರು ಹಾಕುವುದಕ್ಕೆ ಎರಡರಲ್ಲಿ ಯಾವುದಾದರೂ ಭಯವಿಲ್ಲ. ದಿನಾ ಚಮಚಗಟ್ಟಲೆ ತಿನ್ನುವವರಿಗೆ ಮಾತ್ರ ಈ ಲೆಕ್ಕ.

ಇಷ್ಟೆಲ್ಲ ಕೇಳಿ ದಾಲ್ಚಿನ್ನಿ ತೈಲ ದಂಡ ಎಂದುಕೊಳ್ಳಬೇಡಿ. ಅದರ ಗುಣ ನಿಜ. ಆ ಗುಣಕ್ಕೆ ಸರಿಯಾದ ಜಾಗ ಬೇರೆ. ಎಣ್ಣೆ, ಕರಿದ ತಿಂಡಿ ಬೇಗ ಕಮಟಾಗದಂತೆ ಕಾಯಲು ಕಾರ್ಖಾನೆಗಳು ಬಿಎಚ್‌ಎ, ಬಿಎಚ್‌ಟಿ ಎಂಬ ಕೃತಕ ವಸ್ತುಗಳನ್ನು ಹಾಕುತ್ತವೆ. ಅವುಗಳ ಬದಲು ಮಸಾಲೆ ಗಿಡಗಳ ತೈಲ, ಸಾರ ಬಳಸಬಹುದೇ ಎಂದು ಲೋಕದೆಲ್ಲೆಡೆ ಹುಡುಕಾಟ ನಡೆದಿದೆ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ದಾಲ್ಚಿನ್ನಿಯ ಹೂವು, ಮೊಗ್ಗು, ಹಣ್ಣಿನ ತೊಟ್ಟು ಇವುಗಳ ತೈಲಗಳನ್ನೂ ಪರೀಕ್ಷಿಸಿ, ತೊಟ್ಟಿನ ತೈಲದ ಆಂಟಿಆಕ್ಸಿಡೆಂಟ್ ಗುಣದ ಬಗ್ಗೆ 2003ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ನಾವು ಕಸವೆಂದು ಬಿಡುವ ತೊಟ್ಟು ಅದು. ತೊಗಟೆಯ ತೈಲಕ್ಕೆ ಬೂಷ್ಟು, ಬ್ಯಾಕ್ಟೀರಿಯಾ ತಡೆಯುವ ಶಕ್ತಿಯೂ ಚೆನ್ನಾಗಿದೆ. ಅಂದರೆ ಈ ಗುಣ ಕೆಲಸಕ್ಕೆ ಬರುವುದು ಡಬ್ಬಿಯಲ್ಲಿ, ಆಹಾರದಲ್ಲಿ, ಅತಿ ಸಣ್ಣ ಪ್ರಮಾಣದಲ್ಲಿ. ಲೋಟದ ನೀರಿನಲ್ಲಿ ಅಲ್ಲ.

ತೋಟದವರಿಗೆ ಒಂದು ಮಾತು. ದಾಲ್ಚಿನ್ನಿ ಬೇಕು ಎಂದಾಗ ನಿಂತ ಮರದ ಬುಡದ ತೊಗಟೆಯನ್ನೇ ಕತ್ತಿಯಲ್ಲಿ ಕೆತ್ತುವುದು ನಮ್ಮಲ್ಲಿ ರೂಢಿ. ಸುತ್ತ ಕೆತ್ತಿದರೆ ಮರ ಒಣಗುತ್ತದೆ. ಶ್ರೀಲಂಕಾದಲ್ಲಿ ಗಿಡವನ್ನು ಬುಡದ ಹತ್ತಿರ ಕಡಿದು, ಚಿಗುರಿ ಬರುವ ಸುಮಾರು ಎರಡು ವರ್ಷದ ಕೋಲುಗಳಿಂದ ತೊಗಟೆ ತೆಗೆಯುತ್ತಾರೆ. ಬುಡ ಮತ್ತೆ ಚಿಗುರುತ್ತದೆ. ಮಳೆ ಬಿದ್ದು ಗಿಡದಲ್ಲಿ ರಸ ಏರಿದಾಗ ತೊಗಟೆ ಸಲೀಸಾಗಿ ಬಿಡುತ್ತದೆ. ಕೋಳಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ನವಶ್ರೀ, ನಿತ್ಯಶ್ರೀ ಎಂಬ ತಳಿಗಳನ್ನು ಕೊಟ್ಟಿದೆ. ಒಳ್ಳೆಯ ಚಕ್ಕೆಯನ್ನು ಚಕ್ಕೆಯಾಗಿಯೇ ಮಾರಬಹುದು. ಪವಾಡದ ಬಾಟಲಿ ಎಂದು ಮಾರಬೇಕಾಗಿಲ್ಲ.

ಮುಗಿಸುತ್ತೇನೆ. ಮಕ್ಕಳೇ, ಇನ್ನು ಮುಂದೆ ಮೊಬೈಲಿನಲ್ಲಿ ಇಂಥ ದೊಡ್ಡ ಅಂಕಿ ಕಂಡಾಗ ಮೂರು ಪ್ರಶ್ನೆ ಕೇಳಿ. ಯಾವುದರ ಅಂಕಿ: ಪುಡಿಯದೋ, ಎಲೆಯದೋ, ತೊಗಟೆಯ ತೈಲದ್ದೋ? ಎಷ್ಟರ ಅಂಕಿ: ಒಂದು ಚೂರೋ, ಅರವತ್ತು ಗ್ರಾಮೋ? ಎಲ್ಲಿ ಅಳೆದ ಅಂಕಿ: ಗಾಜಿನ ನಳಿಕೆಯಲ್ಲೋ, ಮನುಷ್ಯನಲ್ಲೋ? ಮೂರಕ್ಕೂ ಉತ್ತರ ಸಿಗದಿದ್ದರೆ ಬಾಯಿ ತೆರೆಯಬೇಡಿ. ಕುಡಿಯಲೂ ಬೇಡ, ಇನ್ನೊಬ್ಬರಿಗೆ ಹೇಳಲೂ ಬೇಡ. ಮನೆಯಲ್ಲಿ ನೀವೇ ಮೊದಲ ಓದಿದವರಾಗಿದ್ದರೆ ಇನ್ನೂ ಎಚ್ಚರ ಬೇಕು. ನಿಮ್ಮ ಮಾತನ್ನು ಅವರು ಪರೀಕ್ಷಿಸುವುದಿಲ್ಲ, ನಂಬುತ್ತಾರೆ.

ನಮ್ಮ 2004ರ ತಂಡದ ಪರವಾಗಿ ಶಾಲೆಯ ಪ್ರಯೋಗಾಲಯಕ್ಕೆ ಗಾಜಿನ ಭಟ್ಟಿಯ ಒಂದು ಉಪಕರಣವನ್ನು ಇವತ್ತು ಕೊಡುತ್ತಿದ್ದೇವೆ. ಶಾಲೆಯ ಹಿಂದಿನ ಮರದ ಎಲೆ ಹಾಕಿ, ತೊಗಟೆ ಹಾಕಿ, ಮೇಡಂ ಅವರ ಎದುರಿಗೆ ತೈಲ ಇಳಿಸಿ ನೋಡಿ. ದೂರದಿಂದ ಮೂಸಿ, ನಾಲಿಗೆಗೆ ಬೇಡ. ಇನ್ನೊಂದು ಪ್ರಯೋಗ: ಎರಡು ಚಿಕ್ಕ ಗಾಜಿನ ಶೀಷೆಗೆ ಒಂದೇ ಅಳತೆ ಶೇಂಗಾ ಎಣ್ಣೆ ಹಾಕಿ, ಒಂದಕ್ಕೆ ಮಾತ್ರ ಚೆನ್ನಾಗಿ ಒಣಗಿದ ಚಕ್ಕೆ ಹಾಕಿ, ಬಿಸಿಲು ಬೀಳುವ ಕಿಟಕಿಯಲ್ಲಿಡಿ. ವಾರಕ್ಕೊಮ್ಮೆ ಮೂಸಿ ಬರೆದಿಡಿ. ಯಾವುದು ಮೊದಲು ಕಮಟಾಯಿತು ಎಂದು ನಾನು ಹೇಳುವುದಿಲ್ಲ. ಮುಂದಿನ ವರ್ಷ ಬಂದಾಗ ನೀವು ನನಗೆ ಹೇಳಬೇಕು.

ಅಪ್ಪಯ್ಯ ಈಗ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಬೆಳಿಗ್ಗೆ ತೋಟದ ತನಕ ನಡೆಯುತ್ತಾರೆ. ಸಕ್ಕರೆ ಹತೋಟಿಯಲ್ಲಿದೆ. ಸಂಜೆಯ ಕಷಾಯಕ್ಕೆ ಅಮ್ಮ ನಮ್ಮ ಮರದ್ದೇ ಒಂದು ಚೂರು ಚಕ್ಕೆ ಹಾಕುತ್ತಾಳೆ. ಹೋದ ತಿಂಗಳು ನಾನು ಫೋನಿನಲ್ಲಿ ಯಾವುದೋ ಸೊಪ್ಪಿನ ಬಗ್ಗೆ ಮಾತು ತೆಗೆದೆ. ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡು, "ನೋಡಿ ಹೇಳ್ತಾ ಇದ್ದೀಯೋ, ಸುಮ್ಮನೆ ಹೇಳ್ತಾ ಇದ್ದೀಯೋ?" ಎಂದರು. ನನಗೆ ಸಂತೋಷವಾಯಿತು. ಆ ಪ್ರಶ್ನೆ ಕೇಳುವುದನ್ನು ನಮಗೆ ಕಲಿಸಿದ ಶಾಲೆ ಇದು. ಐವತ್ತು ತುಂಬಿದ ಈ ಶಾಲೆಗೆ, ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಿದ ಆ ಮೇಷ್ಟ್ರ ನೆನಪಿಗೆ, ನನ್ನ ಸಾಷ್ಟಾಂಗ ನಮಸ್ಕಾರ.